ಹಳೆಯ ರೆಕಾರ್ಡ್ ಪ್ಲೇಯರ್‌ನ ಮರದ ಪೆಟ್ಟಿಗೆಗೆ ಮತ್ತೆ ಪಾಲಿಶ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳೆಯ ಮನೆಗಳಲ್ಲಿ ರೆಕಾರ್ಡ್ ಪ್ಲೇಯರ್‌ಗಳು ಇನ್ನೂ ಇವೆ. ಕೆಲವು ಅಟ್ಟದ ಮೇಲೆ, ಕೆಲವು ಅಲ್ಮಾರಿಯ ಕೆಳಗೆ. ಈಚೆಗೆ ಮನೆಯ ಮಕ್ಕಳು, ಮೊಮ್ಮಕ್ಕಳು ಅವನ್ನು ಇಳಿಸಿ ಒರೆಸುತ್ತಿದ್ದಾರೆ. ನೋಡಿದರೆ ತುಂಬಾ ಸಂತೋಷವಾಗುತ್ತದೆ. ಮೋಟಾರು, ವೈರು ಸರಿ ಮಾಡುವವರು ಹುಡುಕಿದರೆ ಸಿಗುತ್ತಾರೆ. ಮರದ ಪೆಟ್ಟಿಗೆಯ ವಿಷಯಕ್ಕೆ ಬಂದಾಗ ಮಾತ್ರ ಅವಸರ ಮಾಡುತ್ತಾರೆ. ಮಷಿನ್ ಹಾಕಿ ಉಜ್ಜಿ, ಮೇಲೆ ಮೆಲಮೈನ್ ಎಂಬ ಗಟ್ಟಿ ಪಾಲಿಶ್ ಹೊಡೆದು, ಹಳೆಯ ಪೆಟ್ಟಿಗೆಯ ಗುರುತೇ ಸಿಗದ ಹಾಗೆ ಮಾಡಿಬಿಡುತ್ತಾರೆ. ಹಾಗಾಗಬಾರದು ಅಂತಲೇ ಇದನ್ನು ಬರೆದೆ. ಫೋನಿನಲ್ಲಿ, ಪತ್ರದಲ್ಲಿ, ಮನೆಗೆ ಬಂದವರು ಮಾತಿನ ನಡುವೆ ಕೇಳಿದ ಪ್ರಶ್ನೆಗಳಿವು. ಹೆಚ್ಚಿನವನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಕೈ ಹಚ್ಚುವ ಮೊದಲು

ನಮ್ಮ ಅಜ್ಜಾರ ಪ್ಲೇಯರ್ ಅದರಿ. ಪೆಟ್ಟಿಗಿ ಪೂರಾ ಕಪ್ಪಾಗ್ಯಾದ. ಎಲ್ಲಾ ಕೆರೆದು ಹೊಸ ಪಾಲಿಶ್ ಮಾಡಿಸಬೇಕೇನ್ರಿ?

ಬಹಳ ಸಲ ಬೇಕಾಗುವುದೇ ಇಲ್ಲ. ಕಪ್ಪಾಗಿ ಕಾಣುವುದು ಹೆಚ್ಚಾಗಿ ಪಾಲಿಶ್ ಮೇಲೆ ಕೂತ ಜಿಡ್ಡು. ಒಲೆಯ ಹೊಗೆ, ಊದಿನಕಡ್ಡಿ, ಎಣ್ಣೆ ಕೈ, ಧೂಳು ಎಲ್ಲ ಸೇರಿ ಹತ್ತಾರು ವರ್ಷ ಪದರ ಪದರವಾಗಿ ಕೂತಿರುತ್ತದೆ. ಪಾಲಿಶ್ ಪೇಪರ್ ಮುಟ್ಟುವ ಮೊದಲು ಒರೆಸಿ ನೋಡಿ.

ಹಿಂಬದಿಯ ಮೂಲೆಯಿಂದ ಶುರು ಮಾಡಿ. ಒಂದು ಬಟ್ಟಲು ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಮೂರು ಹನಿ ಸಾಕು. ಬಿಳಿ ಹತ್ತಿ ಬಟ್ಟೆ ಅದ್ದಿ, ಹನಿ ಬೀಳದ ಹಾಗೆ ಗಟ್ಟಿಯಾಗಿ ಹಿಂಡಿ. ಅಂಗೈ ಅಗಲದ ಜಾಗ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ನೀರು ತೆಗೆಯಿರಿ. ಆಮೇಲೆ ಅದೇ ಜಾಗವನ್ನು ಟರ್ಪೆಂಟೈನ್ ಹಚ್ಚಿದ ಬಟ್ಟೆಯಿಂದ ಒರೆಸಿ. ಹಳೆಯ ಮೇಣ, ಎಣ್ಣೆ ಜಿಡ್ಡು ಅದಕ್ಕೆ ಬಿಡುತ್ತದೆ, ಪಾಲಿಶ್‌ಗೆ ತೊಂದರೆಯಾಗುವುದಿಲ್ಲ. ಮೊದಲ ಬಟ್ಟೆಗೆ ಗಟ್ಟಿ ಚಹಾದ ಬಣ್ಣ ಬರುತ್ತದೆ. ಎರಡನೆಯದಕ್ಕೆ ತಿಳಿ ಕಂದು. ಮೂರನೆಯ ಬಟ್ಟೆ ಹೆಚ್ಚು ಕಡಿಮೆ ಬೆಳ್ಳಗೇ ಉಳಿಯಿತು ಅಂದರೆ ಜಿಡ್ಡು ಹೋಯಿತು. ಆಗ ಮರದ ಗೆರೆಗಳು ತಾವಾಗಿ ಕಾಣುತ್ತವೆ. ಒಂದು ಕೈ ಮೇಣ ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಿಕ್ಕಿ, ಅಲ್ಲಿಗೇ ನಿಲ್ಲಿಸಿ. ಎಷ್ಟೋ ಪೆಟ್ಟಿಗೆಗಳಿಗೆ ಇಷ್ಟೇ ಸಾಕಾಗಿದೆ.

ಎಲ್ಲರೂ ಇದು ಅಸಲಿ ಸಾಗವಾನಿ ಅಂತಾರೆ. ಹೌದೋ ಅಲ್ಲವೋ ಹೇಗೆ ತಿಳಿಯುವುದು?

ಮೇಲೆ ಸಾಗವಾನಿ, ಒಳಗೆ ಪ್ಲೈವುಡ್ ಅಥವಾ ಪಾರ್ಟಿಕಲ್ ಬೋರ್ಡ್ ಇರುವುದೇ ಜಾಸ್ತಿ. ಅಂದರೆ ಸಾಗವಾನಿಯ ತೆಳು ಪದರವನ್ನು, ಅಂದರೆ ವೆನೀರನ್ನು, ಅಂಟಿಸಿರುತ್ತಾರೆ. ಪೆಟ್ಟಿಗೆ ಮಗುಚಿ ಕೆಳಗಿನ ಅಂಚನ್ನು ಟಾರ್ಚ್ ಹಿಡಿದು ನೋಡಿ. ಯಂತ್ರ ಕೂರಿಸಲು ಕೊರೆದ ರಂಧ್ರದ ಒಳ ಅಂಚಿನಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಪದರ ಪದರವಾಗಿ ಕಂಡರೆ ಪ್ಲೈ. ಹೊಟ್ಟು ಒತ್ತಿದ ಹಾಗಿದ್ದರೆ ಪಾರ್ಟಿಕಲ್ ಬೋರ್ಡ್. ಮೇಲ್ಮೈಯ ಗೆರೆಗಳೇ ಅಂಚಿನಲ್ಲೂ ಮುಂದುವರಿದಿದ್ದರೆ ಇಡೀ ಮರ.

ವೆನೀರ್ ಅಂದ ತಕ್ಷಣ ಕೀಳು ಮಾಲು ಅಂದುಕೊಳ್ಳಬೇಡಿ. ಒಳ್ಳೆಯ ಕಂಪನಿಗಳೂ ಬೇಕೆಂದೇ ಹಾಗೆ ಮಾಡಿದವು. ಇಡೀ ಮರ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗುತ್ತದೆ. ಪ್ಲೈ ಅಷ್ಟು ಅಲುಗುವುದಿಲ್ಲ, ಯಂತ್ರ ನೆಟ್ಟಗೆ ಕೂರುತ್ತದೆ. ನೆನಪಿಡಬೇಕಾದ್ದು ಒಂದೇ: ಆ ಪದರ ಒಂದು ಮಿಲಿಮೀಟರ್‌ಗಿಂತ ತೆಳು. ಒಮ್ಮೆ ಸವೆದು ಹೋದರೆ ಮತ್ತೆ ಬರುವುದಿಲ್ಲ.

ಮೇಲಿರೋ ಪಾಲಿಶ್ ಯಾವುದು ಅಂತ ಮನೆಯಲ್ಲೇ ಗೊತ್ತು ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಲೇಬೇಕು. ಮುಂದಿನ ಕೆಲಸವೆಲ್ಲ ಇದರ ಮೇಲೇ ನಿಂತಿದೆ. ಕಣ್ಣಿಗೆ ಬೀಳದ ಜಾಗದಲ್ಲಿ ಹತ್ತಿ ಕಡ್ಡಿಯಿಂದ ಪಾಲಿಶ್ ಸ್ಪಿರಿಟ್‌ನ ಒಂದು ಹನಿ ಇಟ್ಟು ಒಂದು ನಿಮಿಷ ಬಿಡಿ. ಬೆರಳಿಗೆ ಅಂಟಂಟಾದರೆ ಅದು ಚಪಡಾ, ಅಂದರೆ ಅರಗಿನ ಸ್ಪಿರಿಟ್ ಪಾಲಿಶ್. ಏನೂ ಆಗದಿದ್ದರೆ ಬೇರೆ ಜಾಗದಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹನಿ ಇಡಿ. ಕರಗಿದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್, ಪಿಯು (ಪಾಲಿಯುರೆಥೇನ್) ಅಥವಾ ಎಣ್ಣೆ ವಾರ್ನಿಶ್ ಇರಬೇಕು. ಸ್ಪಿರಿಟ್ ಮೊದಲು, ಥಿನ್ನರ್ ಆಮೇಲೆ. ಥಿನ್ನರ್ ಅರಗನ್ನೂ ಮೆದು ಮಾಡುತ್ತದೆ, ಹಾಗಾಗಿ ಅದನ್ನೇ ಮೊದಲು ಹಾಕಿದರೆ ಯಾವುದು ಯಾವುದೋ ತಿಳಿಯುವುದಿಲ್ಲ.

ಪಾಲಿಶ್ ಮಾಡಿಸಿದರ ಹಳೇ ಸಾಮಾನಿನ ಕಿಮ್ಮತ್ತು ಇಳೀತದ ಅಂತಾರಲ್ಲ, ಖರೆ ಏನ್ರಿ?

ಯಂತ್ರದ ಮೇಲೆ ಹೋಗುತ್ತದೆ. ಕಂಪನಿಯ ಮೂಲ ಪೆಟ್ಟಿಗೆ, ಮೂಲ ಪಾಲಿಶ್ ಎರಡೂ ಗಟ್ಟಿಯಾಗಿ ಉಳಿದಿದ್ದರೆ ಅದನ್ನು ತೆಗೆಯುವುದು ನಷ್ಟವೇ. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ತಯಾರಾದ ಗ್ಯಾರಾರ್ಡ್ 301, ಆಮೇಲೆ 1965ರಲ್ಲಿ ಬಂದ 401, ಇವನ್ನು ಕಂಪನಿ ಪೆಟ್ಟಿಗೆ ಇಲ್ಲದೆ ಬರೀ ಯಂತ್ರವಾಗಿ ಮಾರುತ್ತಿತ್ತು. ಕೊಂಡವರು ತಮ್ಮ ಊರಿನ ಬಡಿಗರಿಂದ ಪೆಟ್ಟಿಗೆ ಮಾಡಿಸಿಕೊಳ್ಳುತ್ತಿದ್ದರು. ಅಂಥ ಪೆಟ್ಟಿಗೆಗೆ ಪಾಲಿಶ್ ಮಾಡಿದರೆ ಯಂತ್ರದ ಬೆಲೆ ಕಡಿಮೆಯಾಗುವುದಿಲ್ಲ. ಮನೆಯಲ್ಲಿ ಹಾಡು ಕೇಳಲು ಇಟ್ಟುಕೊಳ್ಳುವ ಪ್ಲೇಯರ್ ಆದರೆ ಬೆಲೆಯ ಚಿಂತೆ ಬಿಡಿ. ಚೆನ್ನಾಗಿ ನೋಡಿಕೊಳ್ಳಿ, ಸಾಕು.

ಪಾಲಿಶ್ ಬದಲಾದರೆ ಹಾಡಿನ ದನಿ ಬದಲಾಗುತ್ತದಾ?

ಪಾಲಿಶ್‌ನಿಂದ ಇಲ್ಲ. ಸಡಿಲ ಮೂಲೆ, ಬಿಟ್ಟುಕೊಂಡ ತಳದ ಹಲಗೆ, ಕಲ್ಲಿನಂತೆ ಗಟ್ಟಿಯಾದ ರಬ್ಬರ್ ಕಾಲು, ಇವುಗಳಿಂದ ಖಂಡಿತ ಬದಲಾಗುತ್ತದೆ. ಗುಂಯ್ ಎನ್ನುವ ಸದ್ದು, ದನಿ ಜಾಸ್ತಿ ಮಾಡಿದಾಗ ಏಳುವ ಗರ್ಜನೆ ಇವಕ್ಕೆ ಇಂಥ ಸಡಿಲವೇ ಕಾರಣ ಇರಬಹುದು. ಪಾಲಿಶ್‌ಗೆ ಬಿಚ್ಚಿದಾಗ ಮೂಲೆಗಳಿಗೆ ಫೆವಿಕಾಲ್ ಹಾಕಿ ಬಿಗಿಮಾಡಿ, ರಬ್ಬರ್ ಕಾಲುಗಳನ್ನು ಬದಲಿಸಿ.

ನಾವು ಬೀದರ್‌ನವರು. ಬಿದ್ರಿ ಸಾಮಾನಿಗೆ ಎಣ್ಣೆ ಹಚ್ಚಿ ತಿಕ್ಕಿದ ಹಾಗೆ ಇದಕ್ಕೂ ಕೊಬ್ಬರಿ ಎಣ್ಣೆ ತಿಕ್ಕಬಹುದಾ?

ಬೇಡ. ಬಿದ್ರಿ ಸತು ಮತ್ತು ತಾಮ್ರದ ಲೋಹ. ಎಣ್ಣೆ ಮೇಲೇ ನಿಂತು ಆ ಕಪ್ಪನ್ನು ಎತ್ತಿ ತೋರಿಸುತ್ತದೆ, ಒರೆಸಿದರೆ ಹೋಗುತ್ತದೆ. ಮರ ಎಣ್ಣೆ ಕುಡಿಯುತ್ತದೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಎಷ್ಟು ದಿನ ಬಿಟ್ಟರೂ ಒಣಗಿ ಗಟ್ಟಿಯಾಗುವುದಿಲ್ಲ. ಎರಡು ದಿನ ಹೊಳೆಯುತ್ತದೆ, ಆಮೇಲೆ ನಮ್ಮ ಊರಿನ ಧೂಳೆಲ್ಲ ಬಂದು ಅಂಟುತ್ತದೆ. ಮುಂದೆ ಪಾಲಿಶ್ ಹಾಕಲು ಹೋದರೆ ಎಣ್ಣೆ ಕುಡಿದ ಜಾಗದಲ್ಲಿ ಪಾಲಿಶ್ ಹಿಡಿಯುವುದೇ ಇಲ್ಲ.

## ಬಿಚ್ಚುವುದು

ಯಂತ್ರ ಬಿಚ್ಚದೆ, ಸುಮ್ನೆ ಪೇಪರ್ ಮುಚ್ಚಿ ಪಾಲಿಶ್ ಮಾಡಿದರೆ ಆಗಲ್ವಾ?

ಒರೆಸಿ ಮೇಣ ಹಚ್ಚುವುದಷ್ಟೇ ಆದರೆ ಆಗುತ್ತದೆ. ಉಜ್ಜುವ ಕೆಲಸ ಇದ್ದರೆ ಬಿಚ್ಚಲೇಬೇಕು. ಉಜ್ಜಿದ ಪುಡಿ ಬೇರಿಂಗಿಗೆ, ಮೋಟಾರಿಗೆ ಸೇರಿದರೆ ಪೇಪರ್ ಮುಚ್ಚಿ ಉಳಿಸಿದ ಒಂದು ಗಂಟೆಗೆ ದೊಡ್ಡ ಬೆಲೆ ತೆರಬೇಕಾಗುತ್ತದೆ.

ಬಿಚ್ಚೋವಾಗ ಏನೇನ್ ಜ್ವಾಕಿ ಮಾಡ್ಬೇಕ್ರಿ?

ಪ್ಲಗ್ ಕಿತ್ತಿಡಿ. ಪೆಟ್ಟಿಗೆಯೊಳಗೇ ವಾಲ್ವ್ ಆಂಪ್ಲಿಫೈಯರ್ ಇರುವ ಹಳೆಯ ಮಾದರಿಯಾದರೆ ಕೈ ಹಾಕಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಉಳಿದಿರುತ್ತದೆ. ರೇಡಿಯೋ ರಿಪೇರಿ ಗೊತ್ತಿರುವವರಿಂದಲೇ ಹೊರಗೆ ತೆಗೆಸಿ.

ಉಳಿದ ಪ್ಲೇಯರ್‌ಗಳಲ್ಲಿ ಮೊದಲು ಸೂಜಿ ಇರುವ ತಲೆಯನ್ನು ಬಿಚ್ಚಿ ಡಬ್ಬಿಯಲ್ಲಿಡಿ. ಅದು ಬರದಿದ್ದರೆ ಸೂಜಿಗೆ ಮುಚ್ಚಳ ಹಾಕಿ, ತಲೆ ಹೊತ್ತ ಉದ್ದ ಕೋಲನ್ನು, ಅಂದರೆ ಟೋನ್‌ಆರ್ಮನ್ನು, ಮೆತ್ತನೆಯ ದಾರದಿಂದ ಅದರ ಕಂಬಕ್ಕೆ ಕಟ್ಟಿ. ಆಮೇಲೆ ತಿರುಗುವ ತಟ್ಟೆ. ಕೆಲವು ಗ್ಯಾರಾರ್ಡ್ ಯಂತ್ರಗಳಲ್ಲಿ ನಡುವೆ ಸಣ್ಣ ಸಿ ಆಕಾರದ ಕ್ಲಿಪ್ ಇರುತ್ತದೆ. ತೆಗೆಯುವಾಗ ಹಾರಿ ಹೋಗುತ್ತದೆ, ಮೇಲೆ ಒಂದು ಕೈ ಅಡ್ಡ ಇಡಿ. ಯಂತ್ರ ಸ್ಪ್ರಿಂಗ್‌ಗಳ ಮೇಲೆ ಕೂತಿದ್ದರೆ ಯಾವ ಸ್ಪ್ರಿಂಗ್ ಯಾವ ಮೂಲೆಯದು ಅಂತ ಗುರುತು ಹಾಕಿ. ಭಾರ ಒಂದೇ ಸಮ ಇಲ್ಲದ ಕಾರಣ ನಾಲ್ಕೂ ಸ್ಪ್ರಿಂಗ್ ಒಂದೇ ಗಟ್ಟಿ ಇರಬೇಕೆಂದಿಲ್ಲ.

ವೈರ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡು ಮೂರು ಕೋನದಿಂದ ಫೋಟೋ ತೆಗೆಯಿರಿ. ಸ್ಟೀರಿಯೋ ತಲೆಯ ನಾಲ್ಕು ಸಣ್ಣ ವೈರ್‌ಗಳಿಗೆ ರೂಢಿಯ ಲೆಕ್ಕ ಇದೆ: ಕೆಂಪು ಬಲಗಡೆಯದು, ಹಸಿರು ಬಲಗಡೆಯ ಗ್ರೌಂಡ್, ಬಿಳಿ ಎಡಗಡೆಯದು, ನೀಲಿ ಎಡಗಡೆಯ ಗ್ರೌಂಡ್. ಹಿಂದೆ ಯಾರೋ ರಿಪೇರಿ ಮಾಡಿ ಬಣ್ಣ ಬದಲಿಸಿರಬಹುದು, ಫೋಟೋ ಇದ್ದರೆ ಗೊಂದಲ ಇಲ್ಲ.

ಮುಂದಿರುವ ಎಚ್‌ಎಂವಿ ನಾಯಿಯ ಬಿಲ್ಲೆ, ಜಾಲರಿ ಬಟ್ಟೆ ಇವನ್ನೂ ತೆಗೆಯಬೇಕಾ?

ಜಾಲರಿ ಬಟ್ಟೆ ತೆಗೆಯಿರಿ, ಸ್ಪಿರಿಟ್ ಹನಿ ಬಿದ್ದರೆ ಕಲೆಯಾಗುತ್ತದೆ. ಲೋಹದ ಬಿಲ್ಲೆಯ ಮೊಳೆಗಳು ಹಿಂದಿನಿಂದ ಸಲೀಸಾಗಿ ಬಂದರೆ ತೆಗೆಯಬಹುದು. ಬರದಿದ್ದರೆ ಜಗ್ಗಬೇಡಿ, ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಸುತ್ತ ಕೆಲಸ ಮಾಡಿ. ಬಣ್ಣದಲ್ಲಿ ಅಚ್ಚು ಹಾಕಿದ ಅಕ್ಷರಗಳಿದ್ದರೆ ಆ ಜಾಗಕ್ಕೆ ಸ್ಪಿರಿಟ್, ಥಿನ್ನರ್ ಯಾವುದೂ ತಾಗಬಾರದು. ಒಂದೇ ಒರೆಸಿಗೆ ಅಳಿಸಿ ಹೋಗುತ್ತವೆ.

## ಹಳೆಯ ಪಾಲಿಶ್ ತೆಗೆಯುವುದು, ಗಾಯ ಮುಚ್ಚುವುದು

ಸ್ಯಾಂಡಿಂಗ್ ಮಷಿನ್ ಹಾಕಿದರೆ ಹತ್ತು ನಿಮಿಷದ ಕೆಲಸ. ಯಾಕೆ ಬೇಡ ಅಂತೀರಿ?

ವೆನೀರ್ ತೆಳು ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ. ಮಷಿನ್ ಅಂಚಿಗೆ ಬಂದಾಗ ತಾನಾಗಿ ಸ್ವಲ್ಪ ಓರೆಯಾಗುತ್ತದೆ. ಕ್ಷಣದಲ್ಲಿ ಅಂಚಿನ ವೆನೀರ್ ಹೋಗಿ ಕೆಳಗಿನ ಪ್ಲೈ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ಅದನ್ನು ಮುಚ್ಚಲು ಬಣ್ಣ ಬಳಿಯಬೇಕು, ಬಣ್ಣ ಬಳಿದರೆ ಮರದ ಗೆರೆ ಹೋಯಿತು.

ಚಪಡಾ ಪಾಲಿಶ್ ಇದ್ದರೆ ಉಜ್ಜುವ ಅಗತ್ಯವೇ ಇಲ್ಲ. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಮೇಲೆ ಹಾಸಿಡಿ, ಪಾಲಿಶ್ ಜೇನಿನ ಹಾಗೆ ಮೆದುವಾಗುತ್ತದೆ. ಸಣ್ಣ ಸ್ಟೀಲ್ ವುಲ್‌ನಿಂದ ಗೆರೆಯ ದಿಕ್ಕಿಗೆ ಒರೆಸಿ ತೆಗೆಯಿರಿ. ಎನ್‌ಸಿ ಇದ್ದರೆ ಥಿನ್ನರ್‌ನಿಂದ ಇದೇ ಕ್ರಮ, ಆದರೆ ಬಯಲಲ್ಲಿ ಮಾಡಿ, ಹತ್ತಿರ ಬೆಂಕಿ ಇರಬಾರದು.

ಎಲ್ಲ ಮುಗಿದ ಮೇಲೆ ಕೈಯಿಂದ, ಸಪಾಟಾದ ಮರದ ತುಂಡಿಗೆ 240 ನಂಬರ್ ಪೇಪರ್ ಸುತ್ತಿ ಹಗುರಾಗಿ ನಾಲ್ಕು ಕೈ, ಆಮೇಲೆ 320. ಯಾವಾಗಲೂ ಗೆರೆಯ ದಿಕ್ಕಿಗೇ. ಅಡ್ಡ ಉಜ್ಜಿದ ಗೀರು ಪಾಲಿಶ್ ಹಾಕಿದ ಮೇಲೆ ಎದ್ದು ಕಾಣುತ್ತದೆ.

ಮೆಲಮೈನ್ ಇದೆ, ಸ್ಪಿರಿಟ್‌ಗೂ ಥಿನ್ನರ್‌ಗೂ ಬರುತ್ತಿಲ್ಲ. ಪೇಂಟ್ ರಿಮೂವರ್ ಹಾಕಲಾ?

ಮೆಲಮೈನ್ ಗಟ್ಟಿಯಾಗಿ ಕೂತಿದ್ದು ಬರೀ ಮಂಕಾಗಿದ್ದರೆ ತೆಗೆಯಬೇಡಿ. 400 ಪೇಪರ್‌ನಿಂದ ಹಗುರಾಗಿ ಉಜ್ಜಿ ಮಾಟ್ (ಹೊಳಪಿಲ್ಲದ ಹಾಗೆ) ಮಾಡಿ, ಮೇಲೆ ತೆಳುವಾಗಿ ಹೊಸ ಕೈ ಕೊಡಿಸಿದರೆ ಸಾಕು. ಅಲ್ಲಲ್ಲಿ ಎದ್ದು ಬರುತ್ತಿದ್ದರೆ ಮಾತ್ರ ರಿಮೂವರ್. ಕೈಗವಸು, ಕನ್ನಡಕ ಇರಲಿ, ಅಂಗಳದಲ್ಲೇ ಮಾಡಿ. ಹೆಚ್ಚು ಹೊತ್ತು ಬಿಟ್ಟರೆ ವೆನೀರಿನ ಅಂಟಿಗೂ ಇಳಿಯುತ್ತದೆ. ಪಾಲಿಶ್ ಸುಕ್ಕಾದ ತಕ್ಷಣ ಪ್ಲಾಸ್ಟಿಕ್ ಪಟ್ಟಿಯಿಂದ ತೆಗೆದುಬಿಡಿ.

ಮ್ಯಾಲಿನ ಪದರ ಒಂದ್ ಕಡಿ ಉಬ್ಬ್ಯಾದ, ಬಡಿದರ ಟೊಳ್ಳು ಸಪ್ಪಳ ಬರ್ತದ. ಏನ್ ಮಾಡ್ಲಿ?

ಮೊದಲು ಇಸ್ತ್ರಿ ಪೆಟ್ಟಿಗೆ ಪ್ರಯತ್ನಿಸಿ. ಹಳೆಯ ಕೆಲಸದಲ್ಲಿ ಸರೇಸ್ ಅಂಟು ಇರುತ್ತದೆ, ಬಿಸಿ ತಾಗಿದರೆ ಅದು ಮತ್ತೆ ಕರಗಿ ಹಿಡಿದುಕೊಳ್ಳುತ್ತದೆ. ಒಂದು ಹತ್ತಿ ಬಟ್ಟೆ ಮಡಚಿ ಹಾಸಿ, ಮಧ್ಯಮ ಬಿಸಿಯ ಇಸ್ತ್ರಿಯನ್ನು ಕೆಲವೇ ಸೆಕೆಂಡ್ ಒತ್ತಿ. ತಕ್ಷಣ ಮೇಲೆ ಸಪಾಟಾದ ಭಾರ ಇಡಿ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಒಂದು ತುಂಡು ಶಹಾಬಾದ್ ಪರಸಿ ಕಲ್ಲು ಬಿದ್ದಿರುತ್ತದೆ, ಅದಕ್ಕಿಂತ ಒಳ್ಳೆಯ ಭಾರ ಇಲ್ಲ. ಬಿಸಿಗೆ ಪಾಲಿಶ್ ಹಾಳಾಗಬಹುದು, ಅದಕ್ಕೇ ಈ ಕೆಲಸ ಪಾಲಿಶ್ ತೆಗೆದ ಮೇಲೆ ಮಾಡಬೇಕು.

ಹಿಡಿಯದಿದ್ದರೆ ಉಬ್ಬಿನ ಮೇಲೆ ಗೆರೆಯ ದಿಕ್ಕಿಗೇ ಹೊಸ ಬ್ಲೇಡಿನಿಂದ ಒಂದು ಸೀಳು ಕೊಡಿ. ಇಂಜೆಕ್ಷನ್ ಸಿರಿಂಜ್‌ನಿಂದ ಸ್ವಲ್ಪ ನೀರು ಬೆರೆಸಿದ ಫೆವಿಕಾಲ್ ಒಳಗೆ ಬಿಡಿ. ಬೆರಳಿನಿಂದ ಒತ್ತಿ, ಹೊರಗೆ ಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿ. ಒಣಗಿದ ಅಂಟಿನ ಮೇಲೆ ಪಾಲಿಶ್ ಹಿಡಿಯುವುದಿಲ್ಲ, ಬಿಳಿ ಮಚ್ಚೆಯಾಗಿ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಕಲ್ಲು ಇಟ್ಟು ಒಂದು ರಾತ್ರಿ ಬಿಡಿ.

ಸಣ್ಣ ಸಣ್ಣ ತೂತು ಇವೆ, ಪುಡಿ ಬೀಳುತ್ತದೆ. ಗೆದ್ದಲಾ?

ಗುಂಡುಸೂಜಿ ತಲೆಯಷ್ಟು ದುಂಡನೆಯ ತೂತು, ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳು. ಗೆದ್ದಲಾದರೆ ಮಣ್ಣಿನ ಗೆರೆ ಕಟ್ಟುತ್ತದೆ. ಪುಡಿ ಪೂರ್ತಿ ಒರೆಸಿ, ಪೆಟ್ಟಿಗೆಯನ್ನು ಕಪ್ಪು ಕಾಗದದ ಮೇಲೆ ಎರಡು ವಾರ ಇಡಿ. ಹೊಸ ಪುಡಿ ಬಿದ್ದರೆ ಹುಳು ಇನ್ನೂ ಒಳಗಿದೆ. ಮರದ ಹುಳಕ್ಕೆಂದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಔಷಧವನ್ನು ಕೈಗವಸು ಹಾಕಿಕೊಂಡು ತೂತಿಗೆ ಸಿರಿಂಜ್‌ನಿಂದ ಬಿಡಿ. ಪಾಲಿಶ್ ಇಲ್ಲದ ಒಳಬದಿಗೂ ಬಳಿಯಿರಿ. ಪುಡಿ ನಿಂತ ಮೇಲೆಯೇ ಮೇಣದಿಂದ ತೂತು ಮುಚ್ಚಿ.

ಕೆಳಗಿನ ಹಲಗೆ ನೀರು ಕುಡಿದು ಉಬ್ಬಿದೆ. ಒಣಗಿಸಿದರೆ ಇಳಿಯುತ್ತದಾ?

ಪಾರ್ಟಿಕಲ್ ಬೋರ್ಡ್ ಒಮ್ಮೆ ಉಬ್ಬಿದರೆ ಇಳಿಯುವುದಿಲ್ಲ. ಆ ಹಲಗೆ ಬದಲಿಸಿ. ಕಣ್ಣಿಗೆ ಕಾಣದ ಜಾಗ, ಒಳ್ಳೆಯ ಪ್ಲೈ ಹಾಕಿಸಿ.

## ಹೊಸ ಪಾಲಿಶ್

ಚಪಡಾ, ಮೆಲಮೈನ್, ಪಿಯು. ನಿಮ್ಮ ಮಾತಿನಲ್ಲಿ ಯಾವುದು ಹಾಕಬೇಕು?

ಮನೆಯಲ್ಲಿ, ಕೈಯಿಂದ, ಮೊದಲ ಸಲ ಮಾಡುವವರಿಗೆ ನನ್ನ ಉತ್ತರ ಚಪಡಾ. ಕಾರಣ ಒಂದೇ: ತಪ್ಪಾದರೆ ತಿದ್ದಬಹುದು. ಹೊಸ ಕೈ ಹಚ್ಚಿದಾಗ ಅದು ಹಳೆಯದನ್ನು ಸ್ವಲ್ಪ ಕರಗಿಸಿಕೊಂಡು ಒಂದಾಗುತ್ತದೆ. ಇನ್ನು ಇಪ್ಪತ್ತು ವರ್ಷದ ಮೇಲೆ ನಿಮ್ಮ ಮಕ್ಕಳು ಒಂದು ಗೀರನ್ನು ಸರಿ ಮಾಡಬೇಕೆಂದರೂ ಇಡೀ ಪೆಟ್ಟಿಗೆ ಕೆರೆಯಬೇಕಿಲ್ಲ. ಮೆಲಮೈನ್, ಪಿಯು ಎರಡೂ ಗಟ್ಟಿ, ನೀರಿಗೆ ಜಗ್ಗುವುದಿಲ್ಲ, ಊಟದ ಮೇಜಿಗೆ ಒಳ್ಳೆಯವು. ಆದರೆ ಸ್ಪ್ರೇ ಬೇಕು, ಮಾಸ್ಕ್ ಬೇಕು, ಘಾಟು ಬಹಳ, ಒಂದು ಜಾಗ ಕಿತ್ತರೆ ಅಷ್ಟಕ್ಕೇ ತಿದ್ದುವುದು ಕಷ್ಟ. ರೆಕಾರ್ಡ್ ಪ್ಲೇಯರ್ ಮೇಲೆ ಯಾರೂ ಬಿಸಿ ಪಾತ್ರೆ ಇಡುವುದಿಲ್ಲವಲ್ಲ.

ಚಪಡಾಕ್ಕೆ ಆಗದ್ದು ಎರಡು: ಬಿಸಿ ಮತ್ತು ಸ್ಪಿರಿಟ್. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಸ್ಪಿರಿಟ್ಟೇ, ಒದ್ದೆ ಕೈಯಲ್ಲಿ ಮುಟ್ಟಿದರೆ ಬೆರಳಚ್ಚು ಬೀಳುತ್ತದೆ. ಮೇ ತಿಂಗಳಲ್ಲಿ ಬಾಗಿಲು ಮುಚ್ಚಿದ ಕಾರಿನೊಳಗೂ ಇಟ್ಟು ಹೋಗಬೇಡಿ.

ಚಪಡಾ ಪಾಲಿಶ್ ಮನೆಯಲ್ಲೇ ಮಾಡಿಕೊಳ್ಳುವ ಲೆಕ್ಕ ಹೇಳಿ.

ಅರ್ಧ ಲೀಟರ್ ಪಾಲಿಶ್ ಸ್ಪಿರಿಟ್‌ಗೆ 100ರಿಂದ 120 ಗ್ರಾಂ ಚಪಡಾ ಚಕ್ಕೆ. ಗಾಜಿನ ಬಾಟಲಿಯಲ್ಲಿ ಹಾಕಿ ರಾತ್ರಿ ಇಡಿ, ನಡುನಡುವೆ ಅಲುಗಾಡಿಸಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿ ಬೇಡ, ಪಾಲಿಶ್ ಕಪ್ಪಾಗುತ್ತದೆ. ತಳದಲ್ಲಿ ಮಬ್ಬಾಗಿ ಕೂರುವುದು ಅರಗಿನಲ್ಲೇ ಇರುವ ಮೇಣ, ಮೇಲಿನ ತಿಳಿಯನ್ನು ಮೆಲ್ಲಗೆ ಬೇರೆ ಬಾಟಲಿಗೆ ಬಸಿದುಕೊಳ್ಳಿ.

ಕರಗಿಸಿದ್ದು ಎಷ್ಟು ದಿನ ಬೇಕಾದರೂ ಇರುತ್ತದೆ ಅನ್ನುವುದು ತಪ್ಪು. ಆರು ತಿಂಗಳು ಕಳೆದ ಮೇಲೆ ಬಳಸುವ ಮೊದಲು ಗಾಜಿನ ಮೇಲೆ ಒಂದು ಹನಿ ಹಚ್ಚಿ ನೋಡಿ. ಒಂದು ತಾಸಾದರೂ ಬೆರಳಿಗೆ ಅಂಟಿದರೆ ಚೆಲ್ಲಿ. ಅಂಥದ್ದು ಮರದ ಮೇಲೂ ಎಂದಿಗೂ ಗಟ್ಟಿಯಾಗುವುದಿಲ್ಲ. ಸ್ಪಿರಿಟ್ ವಿಷ, ಮಕ್ಕಳ ಕೈಗೆ ಸಿಗದ ಕಡೆ ಹೆಸರು ಬರೆದು ಇಡಿ.

ಬ್ರಷ್‌ನಿಂದ ಹಚ್ಚಿದರೆ ಗೆರೆ ಗೆರೆ ಬರ್ತದ. ಹಳೇ ಕಾಲದವರು ಬಟ್ಟೀಲೇ ಹ್ಯಾಂಗ್ ಮಾಡ್ತಿದ್ರು?

ಇದೇ ಈ ಕೆಲಸದ ಜೀವ. ತೊಳೆದು ತೊಳೆದು ಮೆತ್ತಗಾದ ಹಳೆಯ ಧೋತರದ ತುಂಡು ತೆಗೆದುಕೊಳ್ಳಿ, ಅದರಲ್ಲಿ ಎಳೆ ಬಿಡುವುದಿಲ್ಲ. ನಡುವೆ ನಿಂಬೆಹಣ್ಣಿನಷ್ಟು ಅರಳೆ ಇಟ್ಟು, ಬಟ್ಟೆ ಸುತ್ತಿ, ತಳ ಸಪಾಟಾಗಿ ಸುಕ್ಕಿಲ್ಲದ ಹಾಗೆ ಉಂಡೆ ಮಾಡಿ. ಪಾಲಿಶ್ ಸುರಿಯಬೇಕಾದ್ದು ಒಳಗಿನ ಅರಳೆಗೆ, ಮೇಲಿನ ಬಟ್ಟೆಗಲ್ಲ. ಕಾಗದಕ್ಕೆ ಒತ್ತಿದಾಗ ತೇವದ ಗುರುತು ಬೀಳಬೇಕು, ಹನಿ ಬೀಳಬಾರದು.

ಮೊದಲ ನಾಲ್ಕೈದು ಕೈ ಗೆರೆಯ ದಿಕ್ಕಿಗೆ ನೇರವಾಗಿ. ಉಂಡೆಯನ್ನು ಪೆಟ್ಟಿಗೆಯ ಮೇಲೆ ನಿಲ್ಲಿಸಿ ಶುರು ಮಾಡಬಾರದು. ಗಾಳಿಯಲ್ಲೇ ಚಲಿಸುತ್ತ ಬಂದು ಒಂದು ಅಂಚಿನಲ್ಲಿ ತಾಗಬೇಕು, ಇನ್ನೊಂದು ಅಂಚಿನಿಂದ ಹಾಗೇ ಹೊರಗೆ ಹೋಗಬೇಕು. ಕ್ಷಣ ನಿಂತರೂ ಅಲ್ಲಿ ಕೆಳಗಿನ ಪದರ ಕರಗಿ ಬಟ್ಟೆಯ ನೇಯ್ಗೆ ಅಚ್ಚೊತ್ತುತ್ತದೆ. ಒಂದು ಜಾಗ ಅಂಟಂಟು ಅನ್ನಿಸಿತೋ, ಮತ್ತೆ ಅಲ್ಲಿಗೆ ಹೋಗಬೇಡಿ. ಸರಿ ಮಾಡುವ ಆಸೆಯೇ ಅಲ್ಲಿ ಹಾಳು ಮಾಡುತ್ತದೆ. ಎರಡು ತಾಸು ಬಿಟ್ಟು, 400 ಪೇಪರ್‌ನಿಂದ ಬೂದಿ ಒರೆಸಿದಷ್ಟು ಹಗುರಾಗಿ ಉಜ್ಜಿ ಮುಂದುವರಿಯಿರಿ.

ಮರುದಿನ ಪಾಲಿಶ್‌ಗೆ ಅಷ್ಟೇ ಸ್ಪಿರಿಟ್ ಬೆರೆಸಿ ತೆಳು ಮಾಡಿ. ಈಗ ಸಣ್ಣ ಸುತ್ತುಗಳಲ್ಲಿ, 8ರ ಆಕಾರದಲ್ಲಿ ಕೈ ಆಡಿಸಿ. ಉಂಡೆ ಜಗ್ಗತೊಡಗಿದರೆ ತಳಕ್ಕೆ ಅಗಸೆ ಎಣ್ಣೆಯ ಒಂದೇ ಹನಿ. ಎಣ್ಣೆ ಜಾರಲು ಮಾತ್ರ, ಅದು ಪಾಲಿಶ್ ಅಲ್ಲ. ಹೀಗೆ ಮೂರು ನಾಲ್ಕು ದಿನ, ದಿನಕ್ಕೊಂದು ಸಲ. ಕೊನೆಯ ದಿನ ಬೇರೆ ಉಂಡೆಯಲ್ಲಿ ಬರೀ ಸ್ಪಿರಿಟ್, ಅದೂ ಕೆನ್ನೆಗೆ ಹಿಡಿದರೆ ತಂಪು ತಾಗುವಷ್ಟು ಮಾತ್ರ ಹಾಕಿ, ಉದ್ದಕ್ಕೆ ಒರೆಸುತ್ತ ಮೇಲಿನ ಎಣ್ಣೆ ತೆಗೆಯಿರಿ. ಮಬ್ಬು ಹೋಗಿ ಬೆಳಕು ಒಳಗಿನಿಂದ ಬಂದ ಹಾಗೆ ಕಾಣುತ್ತದೆ. ಒಂದು ವಾರ ಏನೂ ತಾಗಿಸದೆ ಬಿಟ್ಟು ಆಮೇಲೆ ಯಂತ್ರ ಕೂರಿಸಿ.

ಕಲಬುರಗಿ ಬಿಸಿಲಿನಾಗ ಈ ಕೆಲಸ ಯಾವಾಗ ಮಾಡೋದು ಛಲೋ?

ದೀಪಾವಳಿಯಿಂದ ಶಿವರಾತ್ರಿವರೆಗೆ. ಹವೆ ಒಣ, ಬಿಸಿಲು ಹದ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವ ಮಧ್ಯಾಹ್ನ ಸ್ಪಿರಿಟ್ ಉಂಡೆಯಲ್ಲೇ ಆರಿಹೋಗುತ್ತದೆ, ಕೈ ಜಾರುವುದಿಲ್ಲ. ಆ ತಿಂಗಳಲ್ಲೇ ಮಾಡಬೇಕಾದರೆ ಬೆಳಿಗ್ಗೆ ಆರರಿಂದ ಎಂಟರೊಳಗೆ ಮುಗಿಸಿ. ಧೂಳಿಗೆ ಒಂದು ಉಪಾಯ: ಒಂದು ತಾಸು ಮೊದಲೇ ಕೋಣೆಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಫ್ಯಾನ್ ಆರಿಸಿ, ಬಾಗಿಲು ಮುಚ್ಚಿ. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳ ಹತ್ತಿರ ಇರುವವರಿಗೆ ಇದು ಇನ್ನೂ ಮುಖ್ಯ.

ಮಳೆಗಾಲದಲ್ಲಿ ಹಚ್ಚಿದೆ, ಪಾಲಿಶ್ ಬೆಳ್ಳಗೆ ಮಂಜು ಕವಿದ ಹಾಗಾಯಿತು. ಪೂರಾ ತೆಗೆಯಬೇಕಾ?

ಬೇಡ. ಸ್ಪಿರಿಟ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಲು ಬಿದ್ದ ಒಣ ದಿನ ನೋಡಿ, ಹೊಸ ಸ್ಪಿರಿಟ್ ಸ್ವಲ್ಪವೇ ಹಾಕಿದ ಉಂಡೆಯನ್ನು ಮೇಲಿಂದ ಮೇಲೆ ತೇಲಿಸಿ. ಮೇಲಿನ ಪದರ ಕರಗಿ, ತೇವ ಹೊರಗೆ ಹೋಗಿ, ಮತ್ತೆ ತಿಳಿಯಾಗುತ್ತದೆ. ಲೋಟ ಇಟ್ಟ ಬಿಳಿ ಉಂಗುರಕ್ಕೂ ಇದೇ ಮದ್ದು. ಮುಚ್ಚಳ ತೆಗೆದಿಟ್ಟ ಸ್ಪಿರಿಟ್ ಗಾಳಿಯ ನೀರು ಎಳೆದುಕೊಂಡಿರುತ್ತದೆ, ಅದನ್ನು ಬಳಸಬೇಡಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಒಂದು ಬದಿ ರಿಪೇರಿ ಮಾಡಿದೆ. ಹೊಸ ತುಂಡಿನ ಬಣ್ಣ ಹಳೆಯದಕ್ಕೆ ಕೂಡುತ್ತಿಲ್ಲ.

ಎಲ್ಲ ಮರವೂ ಹಳತಾದಂತೆ ಕಪ್ಪಾಗುತ್ತದೆ ಅಂದುಕೊಂಡಿರುತ್ತಾರೆ. ಸಾಗವಾನಿ ಬೆಳಕಿಗೆ ಹೊನ್ನಗಂದು ಬಣ್ಣಕ್ಕೆ ತಿರುಗುತ್ತದೆ. ವಾಲ್‌ನಟ್ ಮಾತ್ರ ತಿಳಿಯಾಗುತ್ತಾ ಹೋಗುತ್ತದೆ. ಹಾಗಾಗಿ ಹೊಸ ಸಾಗವಾನಿ ತುಂಡಿಗೆ ಇವತ್ತೇ ಪೂರ್ತಿ ಬಣ್ಣ ಕೊಟ್ಟರೆ ನಾಲ್ಕು ವರ್ಷಕ್ಕೆ ಅದೇ ಕಪ್ಪಾಗಿ ಕಾಣುತ್ತದೆ. ಅರ್ಧ ಛಾಯೆ ತಿಳಿಯಾಗಿಯೇ ಬಿಡಿ.

ಬಣ್ಣ ನೋಡುವಾಗ ಮರದ ಮೇಲೆ ಸ್ಪಿರಿಟ್ ಒರೆಸಿ. ಒದ್ದೆಯಾಗಿರುವಾಗ ಕಾಣುವುದೇ ಹೆಚ್ಚು ಕಡಿಮೆ ಪಾಲಿಶ್ ಆದ ಮೇಲಿನ ಬಣ್ಣ. ಎಲ್‌ಇಡಿ ಬೆಳಕು ನಂಬಬೇಡಿ, ಬಾಗಿಲ ಹತ್ತಿರ ಹಗಲು ಬೆಳಕಿಗೆ ತನ್ನಿ. ಚಪಡಾದಲ್ಲೇ ಕಪ್ಪು ಕೆಂಪಿನದು, ಹಳದಿಯದು, ಬಿಳಿಯದು ಸಿಗುತ್ತದೆ. ಹೊಸ ತುಂಡಿಗೆ ಮಾತ್ರ ಎರಡು ಕೈ ಕಪ್ಪು ಕೆಂಪಿನದು ಹಚ್ಚಿ, ಮೇಲೆ ಎಲ್ಲ ಕಡೆ ಹಳದಿ ಕೊಟ್ಟರೆ ಎಷ್ಟೋ ಸಲ ಬೇರೆ ಬಣ್ಣವೇ ಬೇಡ.

ಗಾಜಿನ ಹಾಗೆ ಮಿರಮಿರ ಹೊಳೆಯಬೇಕು. ಮರದ ಸಣ್ಣ ರಂಧ್ರ ತುಂಬಿಸಬೇಕಾ?

ಗಾಜಿನ ಹೊಳಪು ಬೇಕಾದರೆ ತುಂಬಿಸಲೇಬೇಕು, ಸಾಗವಾನಿಯ ರಂಧ್ರ ದೊಡ್ಡವು. ಚಾಕ್ ಪೌಡರ್‌ಗೆ ಮರದ ಬಣ್ಣಕ್ಕಿಂತ ಒಂದು ಛಾಯೆ ಗಾಢವಾಗುವಷ್ಟು ಕೆಮ್ಮಣ್ಣು, ಹಳದಿ ಮಣ್ಣು ಬೆರೆಸಿ, ತೆಳು ಚಪಡಾದಲ್ಲಿ ಕಲಸಿ, ಗೋಣಿ ತುಂಡಿನಿಂದ ಗೆರೆಗೆ ಅಡ್ಡವಾಗಿ ತಿಕ್ಕಿ. ಬಣ್ಣ ಹಾಕದ ಪುಡಿ ತುಂಬಿದರೆ ರಂಧ್ರಗಳೆಲ್ಲ ಬಿಳಿ ಗೆರೆಯಾಗಿ ಉಳಿಯುತ್ತವೆ.

ಆದರೆ ಕೇಳಿದ್ದಕ್ಕೆ ಹೇಳುತ್ತೇನೆ, 1960, 70ರ ದಶಕದ ಪ್ಲೇಯರ್‌ಗಳಲ್ಲಿ ಮರದ ರಂಧ್ರ ಕಾಣುವ ಮಂದ ಹೊಳಪಿನ ಪೆಟ್ಟಿಗೆಗಳು ಬಹಳ. ಬೀದರ್ ಕೋಟೆಯ ರಂಗೀನ್ ಮಹಲ್‌ಗೆ ಹೋದಾಗ ಅಲ್ಲಿನ ಕೆತ್ತನೆಯ ಮರದ ಕಂಬಗಳನ್ನು ಹತ್ತಿರದಿಂದ ನೋಡಿ. ಹಳೆಯ ಮರ ಚೆನ್ನಾಗಿ ಕಾಣಲು ಮಿರಮಿರ ಹೊಳೆಯಲೇಬೇಕೆಂದಿಲ್ಲ.

ಪೆಟ್ಟಿಗೆ ಪೂರಾ ಹೋಗಿದೆ. ಹೊಸದೇ ಮಾಡಿಸುವುದಾದರೆ ಬಡಿಗರಿಗೆ ಏನು ಹೇಳಬೇಕು?

ಹಳೆಯ ಮೇಲಿನ ಹಲಗೆಯನ್ನು, ಎಷ್ಟೇ ಹಾಳಾಗಿದ್ದರೂ, ಅಚ್ಚಿಗೆ ಕೊಡಿ. ರಂಧ್ರಗಳನ್ನು ಅಳತೆ ಪಟ್ಟಿಯಿಂದ ಬರೆದರೆ ಎರಡು ಮಿಲಿಮೀಟರ್ ಹೆಚ್ಚುಕಡಿಮೆ ಆಗೇ ಆಗುತ್ತದೆ, ಮೋಟಾರು ಮರಕ್ಕೆ ತಾಗಿ ಗುಂಯ್ ಎನ್ನುತ್ತದೆ. ಮೇಲಿನ ಹಲಗೆ 18 ಮಿಲಿಮೀಟರ್ ಒಳ್ಳೆಯ ಪ್ಲೈ, ಸುತ್ತಲಿನ ಚೌಕಟ್ಟು ಸಾಗವಾನಿ. ಹಳೆಯ ವಾಡೆ ಮನೆ ಕೆಡವಿದಾಗ ಬರುವ ತೊಲೆ, ಚೌಕಟ್ಟಿನ ಮರ ಸಿಕ್ಕರೆ ಬಿಡಬೇಡಿ. ಅದು ಕುಗ್ಗುವಷ್ಟೂ ಕುಗ್ಗಿ ಮುಗಿದಿರುತ್ತದೆ. ಮೊಳೆ ಉಳಿದಿದೆಯಾ ಅಂತ ಅಯಸ್ಕಾಂತ ಹಿಡಿದು ನೋಡಿ. ಯಂತ್ರದ ಕೆಳಗೆ ಎಷ್ಟು ಆಳ ಬೇಕು ಅನ್ನುವುದನ್ನು ಸ್ಪ್ರಿಂಗ್ ಒತ್ತಿದ ಸ್ಥಿತಿಯಲ್ಲಿ ಅಳೆಯಿರಿ.

ಅಗಸೆ ಎಣ್ಣೆ ಹಚ್ಚಿದ ಬಟ್ಟೆಗೆ ತಾನೇ ಬೆಂಕಿ ಹತ್ತುತ್ತದೆ ಅಂತಾರೆ. ನಿಜವಾ?

ನಿಜ. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಎಳೆದುಕೊಂಡು ಬಿಸಿ ಹುಟ್ಟಿಸುತ್ತದೆ. ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಹೊರಗೆ ಹೋಗುವುದಿಲ್ಲ, ಹೊತ್ತಿಕೊಳ್ಳುತ್ತದೆ. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಬಟ್ಟೆಯನ್ನು ಬಿಡಿಸಿ ಬಯಲಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ. ಇದರಲ್ಲಿ ಆಲಸ್ಯ ಮಾಡಲೇಬೇಡಿ.

ಎಲ್ಲ ಆಯಿತು. ಈಗ ಪ್ಲೇಯರ್ ಎಲ್ಲಿ, ಹೇಗೆ ಇಡಬೇಕು?

ಕಿಟಕಿಯ ನೇರ ಬಿಸಿಲು ಬೇಡ, ಕೂಲರ್ ಎದುರಿಗೂ ಬೇಡ. ಕೂಲರಿನ ತೇವ ಗಾಳಿ ದಿನವಿಡೀ ಬಡಿದರೆ ವೆನೀರ್ ಮತ್ತೆ ಏಳುತ್ತದೆ. ಗಟ್ಟಿ ಮೇಜಿನ ಮೇಲೆ ಒಂದು ಚಚ್ಚೌಕ ಶಹಾಬಾದ್ ಕಲ್ಲು, ಕೆಳಗೆ ರಬ್ಬರ್ ಹಾಳೆ, ಕಲ್ಲಿನ ಮೇಲೆ ಪ್ಲೇಯರ್. ನಡೆದಾಡಿದರೆ ಸೂಜಿ ಹಾರುವುದು ಕಡಿಮೆಯಾಗುತ್ತದೆ. ಗಾರೆ ಕೆಲಸದವರ ಮಟ್ಟಗೋಲಿಟ್ಟು ನಾಲ್ಕೂ ಕಡೆ ಸಮ ಮಾಡಿ.

ಉಳಿದ ಸ್ಪಿರಿಟ್‌ನಿಂದ ಹಳೆಯ ರೆಕಾರ್ಡ್‌ಗಳನ್ನೂ ಒರೆಸಿಬಿಡಲಾ?

78ರ ರೆಕಾರ್ಡ್‌ಗಳಿಗೆ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯವಕ್ಕೆ, ಸ್ಪಿರಿಟ್ ತಾಗಿಸಲೇಬೇಡಿ. ಅವು ಕೂಡ ಅರಗಿನವೇ, ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು. ನಿಮ್ಮ ಪೆಟ್ಟಿಗೆಯ ಹಳೆಯ ಪಾಲಿಶ್ ತೆಗೆದ ಅದೇ ಸ್ಪಿರಿಟ್ ಹಾಡಿನ ಗೆರೆಯನ್ನೂ ಕರಗಿಸುತ್ತದೆ. ಭಾರತದಲ್ಲಿ 1960ರ ದಶಕದಲ್ಲೂ 78 ತಯಾರಾಗುತ್ತಿದ್ದವು, ಹಾಗಾಗಿ ನಮ್ಮ ಮನೆಗಳ ಕಟ್ಟಿನಲ್ಲಿ ಎಲ್‌ಪಿ ಜೊತೆ ಅವೂ ಬೆರೆತಿರುತ್ತವೆ. ಭಾರವಾಗಿ, ಬಾಗದೆ, ಲೇಬಲ್ ಮೇಲೆ 78 ಅಂತ ಇದ್ದರೆ ಬೇರೆ ತೆಗೆದಿಡಿ. ಅವಕ್ಕೆ ಮೆತ್ತನೆಯ ಬ್ರಷ್, ಬಹಳ ಕೊಳೆಯಿದ್ದರೆ ಹಿಂಡಿದ ಒದ್ದೆ ಬಟ್ಟೆಯಿಂದ ಗೆರೆಯ ಸುತ್ತಿಗೇ ಒಂದು ಒರೆಸು, ತಕ್ಷಣ ಒಣ ಬಟ್ಟೆ. ಲೇಬಲ್ ಒದ್ದೆಯಾಗಬಾರದು.